ಹ್ಯಾಮ್‌ಸ್ಟರ್ ಸತ್ತರೆ ಹಿತ್ತಲಲ್ಲಿ ಹೂಳಬಹುದೇ? ಉಪ್ಪು, ಸುಣ್ಣ, ಪ್ಲೇಗಿನ ಮಾತುಗಳಲ್ಲಿ ನಿಜವೆಷ್ಟು?

"ಸಾಕಿದ ಪ್ರಾಣಿಯನ್ನು ಹಿತ್ತಲಲ್ಲಿ ಹೂಳಬೇಡಿ, ಬಾವಿ ನೀರು ವಿಷವಾಗುತ್ತೆ." "ಇಲಿ ಜಾತಿಯದು ಸತ್ತರೆ ಹತ್ತಿರ ಹೋಗಬೇಡಿ, ಪ್ಲೇಗ್ ಬರುತ್ತೆ." "ಗುಂಡಿಗೆ ಉಪ್ಪು ಸುರಿಯಿರಿ, ವಾರದೊಳಗೆ ಕರಗಿ ಹೋಗುತ್ತೆ." ಫ್ಯಾಮಿಲಿ ಗ್ರೂಪುಗಳಲ್ಲಿ ಇಂಥ ಮಾತುಗಳಿಗೆ ಬರವಿಲ್ಲ. ಇವುಗಳ ಜೊತೆಗೆ ಇನ್ನೊಂದು ಮಾತಿದೆ. ಅದು ಫಾರ್ವರ್ಡ್ ಆಗಿ ಬರುವುದಿಲ್ಲ, ಮನೆಯವರ ಬಾಯಿಂದಲೇ ಬರುತ್ತದೆ: "ಒಂದು ಇಲಿ ಸತ್ತಿದ್ದಕ್ಕೆ ಇಷ್ಟೊಂದು ಅಳೋದಾ?"

ಬೆಂಗಳೂರಿನಲ್ಲಿ ಕೊಂಡ ಹ್ಯಾಮ್‌ಸ್ಟರ್ ಈಗ ಬೇಸಿಗೆ ರಜೆಗೆ ಮಕ್ಕಳ ಜೊತೆ ಊರಿಗೂ ಬರುತ್ತದೆ. ಅದರ ಆಯಸ್ಸು ಹೆಚ್ಚೆಂದರೆ ಎರಡರಿಂದ ಮೂರು ವರ್ಷ. ಹಾಗಾಗಿ ಎಷ್ಟೋ ಮಕ್ಕಳು ಸಾವನ್ನು ಮೊದಲು ಹತ್ತಿರದಿಂದ ನೋಡುವುದು ಈ ಪುಟ್ಟ ಪ್ರಾಣಿಯ ಮೂಲಕವೇ. ಮಗು ಹಿತ್ತಲಲ್ಲಿ ಒಂದು ಗುಂಡಿ ತೋಡಿ, ಮೇಲೊಂದು ಹೂಗಿಡ ನೆಟ್ಟು, ಕಲ್ಲಿನ ಮೇಲೆ ಹೆಸರು ಬರೆಯಬೇಕು ಎಂದರೆ ಹೂಂ ಅನ್ನಬಹುದೇ? ಅನ್ನಬಹುದು. ಆದರೆ ಜಾಗ, ಆಳ, ಕೈ ಸ್ವಚ್ಛತೆ ಈ ಮೂರನ್ನು ಸರಿಯಾಗಿ ನೋಡಿಕೊಳ್ಳಬೇಕು.

ಮೊದಲು, ನಿಜವಾಗಿಯೂ ಸತ್ತಿದೆಯೇ?

"ಹ್ಯಾಮ್‌ಸ್ಟರ್ ಸತ್ತಂತೆ ಮಲಗಿ ಮತ್ತೆ ಏಳುತ್ತದೆ" ಎನ್ನುವ ವಿಡಿಯೊಗಳಲ್ಲಿ ಸ್ವಲ್ಪ ನಿಜವಿದೆ. ಗೋಲ್ಡನ್ ಹ್ಯಾಮ್‌ಸ್ಟರ್ ಸಿರಿಯಾ ಕಡೆಯ ಪ್ರಾಣಿ. ಇಂದು ಸಾಕುವ ಈ ಜಾತಿಯ ಹ್ಯಾಮ್‌ಸ್ಟರ್‌ಗಳ ಮೂಲ 1930ರಲ್ಲಿ ಅಲೆಪ್ಪೊ ನಗರದ ಹತ್ತಿರ ಹೊಲ ಅಗೆದು ಹಿಡಿದ ಒಂದು ತಾಯಿ ಮತ್ತು ಮರಿಗಳ ಗೂಡು. ಕಡು ಚಳಿಯಲ್ಲಿ ಇದು ಮೈ ತಣ್ಣಗಾಗಿಸಿಕೊಂಡು, ನಿಮಿಷಕ್ಕೆ ಒಂದೆರಡೇ ಉಸಿರು ಎಳೆಯುತ್ತಾ, ಉಂಡೆಯಂತೆ ಸುರುಳಿ ಸುತ್ತಿ ದಿನಗಟ್ಟಲೆ ಬಿದ್ದಿರಬಲ್ಲದು. ಆದರೆ ಅದಕ್ಕೆ ಫ್ರಿಜ್ಜಿನೊಳಗಿನಂಥ ಚಳಿ ಬೇಕು. ಹಾಸನದ ಜನವರಿ ಅಷ್ಟು ಕೆಟ್ಟದ್ದಲ್ಲ. ಆದರೂ ಹಸಿದ, ನಿತ್ರಾಣವಾದ ಪ್ರಾಣಿ ಚಳಿ ರಾತ್ರಿಯಲ್ಲಿ ಸತ್ತಂತೆ ತಣ್ಣಗಾಗುವುದು ಉಂಟು.

ಆದ್ದರಿಂದ ಗುಂಡಿ ತೋಡುವ ಮುಂಚೆ ಅದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಒಂದೆರಡು ಗಂಟೆ ಬೆಚ್ಚಗಿನ ಕೋಣೆಯಲ್ಲಿಟ್ಟು ನೋಡಿ. ಒಲೆ ಪಕ್ಕ ಬೇಡ, ಬಿಸಿನೀರಿನಲ್ಲಿ ಅದ್ದುವುದಂತೂ ಬೇಡವೇ ಬೇಡ. ಬದುಕಿದ್ದರೆ ಮೀಸೆ ಅದುರುತ್ತದೆ, ಪಕ್ಕೆ ಸಣ್ಣಗೆ ಏರಿಳಿಯುತ್ತದೆ. ಆಗ ನೇರ ಪಶುವೈದ್ಯರ ಹತ್ತಿರ ಹೋಗಿ. ಮೈ ಮರದಂತೆ ಸೆಟೆದು, ಕಣ್ಣು ಕಾಂತಿಗೆಟ್ಟು, ಉಸಿರಿನ ಸುಳಿವೇ ಇಲ್ಲದಿದ್ದರೆ ಅದು ಹೋಗಿದೆ ಎಂದೇ ಅರ್ಥ.

ಬಾವಿ ನೀರು ಕೆಡುತ್ತದೆಯೇ?

ಹ್ಯಾಮ್‌ಸ್ಟರಿನ ತೂಕ ನೂರರಿಂದ ನೂರೈವತ್ತು ಗ್ರಾಂ. ಒಂದು ಸಾಧಾರಣ ಗಾತ್ರದ ಈರುಳ್ಳಿಯಷ್ಟು. ಇಷ್ಟು ಸಣ್ಣ ದೇಹವನ್ನು ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರ, ಹುಳುಗಳು ಕೆಲವು ವಾರ, ತಿಂಗಳುಗಳಲ್ಲಿ ಅರಗಿಸಿಬಿಡುತ್ತವೆ. ಮೂಳೆ ಮಾತ್ರ ಹೆಚ್ಚು ಕಾಲ ಉಳಿಯುತ್ತದೆ. ಎರಡು ಅಡಿ ಆಳದಲ್ಲಿ, ಬಾವಿ ಅಥವಾ ಬೋರ್‌ವೆಲ್‌ನಿಂದ ನೂರು ಅಡಿಯಾದರೂ ದೂರದಲ್ಲಿ ಹೂತರೆ ನೀರಿನ ಬಗ್ಗೆ ಹೆದರಬೇಕಿಲ್ಲ. ಅಂದಹಾಗೆ, ಬಾವಿಯ ಪಕ್ಕದಲ್ಲೇ ಇರುವ ಕಕ್ಕಸು ಗುಂಡಿಯ ಬಗ್ಗೆ ಯಾರೂ ಫಾರ್ವರ್ಡ್ ಕಳಿಸುವುದಿಲ್ಲ. ನೀರನ್ನು ನಿಜವಾಗಿ ಕೆಡಿಸುವುದು ಅದು.

ಎರಡು ಅಡಿ ಏಕೆ ಎಂದರೆ ಬೀದಿನಾಯಿ, ಮುಂಗುಸಿ, ಹೆಗ್ಗಣ. ಅರ್ಧ ಅಡಿ ಆಳದಲ್ಲಿಟ್ಟು ಮಣ್ಣು ಎಳೆದರೆ ಬೆಳಗಾಗುವಷ್ಟರಲ್ಲಿ ಕೆದರಿ ಹಾಕಿರುತ್ತವೆ, ಅದನ್ನು ಮಗು ನೋಡುವಂತಾಗಬಾರದು. ಮಣ್ಣು ಮುಚ್ಚಿ ಚೆನ್ನಾಗಿ ತುಳಿದು ಮೇಲೊಂದು ಚಪ್ಪಡಿ ಕಲ್ಲು ಇಡಿ. ಒಂದು ಸ್ವಾರಸ್ಯ ನೋಡಿ: ಕಾಡಿನಲ್ಲಿ ಈ ಹ್ಯಾಮ್‌ಸ್ಟರ್ ತಾನೇ ತೋಡಿಕೊಳ್ಳುವ ಬಿಲವೂ ಸರಿಸುಮಾರು ಎರಡು ಅಡಿ ಆಳದ್ದೇ.

ಜಾಗದ ವಿಷಯದಲ್ಲಿ ಶೆಟ್ಟಿಹಳ್ಳಿಯಂಥ ಊರುಗಳಿಗೆ ಇನ್ನೊಂದು ಮಾತು ಹೇಳಲೇಬೇಕು. ಅಲ್ಲಿನ ರೋಸರಿ ಚರ್ಚನ್ನು ಎಲ್ಲರೂ ಫೋಟೊದಲ್ಲಾದರೂ ನೋಡಿರುತ್ತೀರಿ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಣನೆಲದ ಮೇಲೆ ನಿಂತಿರುತ್ತದೆ. ಹಿನ್ನೀರಿನ ಅಂಚಿನ ನೆಲವೆಲ್ಲ ಹೀಗೆಯೇ. ಏಪ್ರಿಲ್‌ನಲ್ಲಿ ಗಟ್ಟಿಯಾಗಿ ಕಾಣುವ ಜಾಗ ಆಗಸ್ಟ್‌ನಲ್ಲಿ ಕೆರೆಯ ತಳ. ಅಂಥಲ್ಲಿ ಹೂತರೆ ಗುರುತೂ ಉಳಿಯದು, ಕುಡಿಯುವ ನೀರಿಗೂ ಒಳ್ಳೆಯದಲ್ಲ. ಕೆರೆ ಏರಿ, ಕಾಲುವೆ ದಂಡೆ, ಗದ್ದೆಯ ಬದು ಇವೂ ಬೇಡ. ಮನೆಯ ಹಿತ್ತಲಿನಲ್ಲಿ ಮಳೆನೀರು ನಿಲ್ಲದ ಎತ್ತರದ ಮೂಲೆಯೇ ಸರಿ.

ಉಪ್ಪು, ಸುಣ್ಣ, ಪ್ಲಾಸ್ಟಿಕ್

ಈ ಮೂರೂ ಬೇಡ. ಉಪ್ಪು ಕೊಳೆಯುವುದನ್ನು ತಡೆಯುತ್ತದೆ. ಉಪ್ಪಿನಕಾಯಿ, ಒಣಮೀನು ಕೆಡದೆ ಇರುವುದು ಅದರಿಂದಲೇ. ಮೇಲೆ ನೆಡುವ ಗಿಡಕ್ಕೂ ಅದು ಶತ್ರು. "ನಮ್ಮ ಚನ್ನರಾಯಪಟ್ಟಣದ ಕಡೆ ತೆಂಗಿಗೆ ಉಪ್ಪು ಹಾಕ್ತೀವಲ್ಲ" ಎನ್ನಬೇಡಿ. ತೆಂಗು ಸಮುದ್ರದ ದಂಡೆಯಲ್ಲೂ ಬೆಳೆಯುವ ಮರ, ಉಪ್ಪನ್ನು ತಾಳುತ್ತದೆ. ತುಳಸಿ, ಗುಲಾಬಿ ತಾಳುವುದಿಲ್ಲ.

ಸುಣ್ಣದ ಕಥೆ ಬೇರೆ. ದನಗಳು ನೆರಡಿ ರೋಗ, ಅಂದರೆ ಆಂಥ್ರಾಕ್ಸ್‌ನಿಂದ ಸತ್ತಾಗ ಆರು ಅಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಲು ಪಶುವೈದ್ಯರು ಹೇಳುತ್ತಾರೆ. ಅದು ರೋಗ ಹರಡದಿರಲಿ, ನಾಯಿ ನರಿ ಎಳೆಯದಿರಲಿ ಎಂದು. ಅದೇ ಮಾತು ಊರಲ್ಲಿ ಉಳಿದು "ಸುಣ್ಣ ಹಾಕಿದರೆ ಬೇಗ ಕರಗುತ್ತದೆ" ಎಂದಾಗಿರಬೇಕು. ಆದರೆ ಹಂದಿಗಳ ಕಳೇಬರ ಹೂತು ನೋಡಿದ ಪ್ರಯೋಗಗಳಲ್ಲಿ ಸುಣ್ಣ ಕೊಳೆಯುವಿಕೆಯನ್ನು ನಿಧಾನ ಮಾಡಿದ್ದು ಕಂಡಿದೆ.

ಪ್ಲಾಸ್ಟಿಕ್ ಕವರ್ ಅಥವಾ ಟಿಫಿನ್ ಡಬ್ಬಿಯಲ್ಲಿಟ್ಟು ಹೂತರೆ ಗಾಳಿಯಿಲ್ಲದೆ ಒಳಗೇ ಕೊಳೆತು ನಾರುತ್ತದೆ, ಮಣ್ಣು ಸೇರುವುದಿಲ್ಲ. ಹಳೆಯ ಹತ್ತಿ ಟವೆಲ್ಲಿನ ತುಂಡು, ಬಾಳೆ ಎಲೆ, ಮುತ್ತುಗದ ಎಲೆ, ಇಲ್ಲವೇ ರಟ್ಟಿನ ಡಬ್ಬಿ ಸಾಕು.

ಪ್ಲೇಗ್, ರೇಬಿಸ್ ಬರುತ್ತದೆಯೇ?

ಪ್ಲೇಗಿನ ಭಯ ನಮ್ಮವರ ನೆನಪಿನಲ್ಲಿ ಆಳವಾಗಿ ಕೂತಿದೆ, ಕಾರಣವೂ ಇದೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಸಾವಿರಾರು ಜನರನ್ನು ಕೊಂದಿತು. ಆದರೆ ಆ ರೋಗವನ್ನು ಹರಡಿದ್ದು ಇಲಿಗಳ ಮೈಮೇಲಿನ ಚಿಗಟ. ಮನೆಯೊಳಗೆ ಪಂಜರದಲ್ಲಿದ್ದು, ಚಿಗಟವಿಲ್ಲದೆ, ವಯಸ್ಸಾಗಿ ಸತ್ತ ಹ್ಯಾಮ್‌ಸ್ಟರಿಗೂ ಅದಕ್ಕೂ ಸಂಬಂಧವಿಲ್ಲ. ಅಂಗಳದಲ್ಲಿ ಕಾಡಿಲಿ, ಹೆಗ್ಗಣಗಳು ಒಂದರ ಹಿಂದೊಂದು ಸತ್ತು ಬೀಳುತ್ತಿದ್ದರೆ ಮಾತ್ರ ಬರಿಗೈಲಿ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದರೂ ಅಷ್ಟೇ, ಅದು ಮಂಗನ ಕಾಯಿಲೆಯ ಸೂಚನೆ ಇರಬಹುದು. ರೇಬಿಸ್ ಇಂಥ ಸಣ್ಣ ದಂಶಕಗಳಲ್ಲಿ ಕಾಣುವುದು ತೀರಾ ಅಪರೂಪ. ಆದರೂ ಕಚ್ಚಿದ ಗಾಯ ಆಗಿದ್ದರೆ ಸೋಪು ನೀರಿನಲ್ಲಿ ತೊಳೆದು ಡಾಕ್ಟರಿಗೆ ಒಮ್ಮೆ ತೋರಿಸಿ.

ನಿಜವಾಗಿ ಎಚ್ಚರ ಬೇಕಾದದ್ದು ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಹ್ಯಾಮ್‌ಸ್ಟರಿನ ಹಿಕ್ಕೆಯಿಂದ ಸಾಲ್ಮೊನೆಲ್ಲಾ ಎಂಬ ಭೇದಿಯ ಬ್ಯಾಕ್ಟೀರಿಯಾ ಬರಬಹುದು. ಎಲ್‌ಸಿಎಂವಿ ಎಂಬ ಇನ್ನೊಂದು ವೈರಸ್ ಅಪರೂಪವಾಗಿ ಇಲಿ, ಹ್ಯಾಮ್‌ಸ್ಟರ್‌ಗಳಿಂದ ಹರಡುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯಕಾರಿ. ಆದ್ದರಿಂದ ಗರ್ಭಿಣಿಯರು ಸತ್ತ ಪ್ರಾಣಿಯನ್ನೂ ಅದರ ಪಂಜರವನ್ನೂ ಮುಟ್ಟದಿರಲಿ. ಉಳಿದವರು ಕೈಗೆ ಗ್ಲೌಸ್ ಅಥವಾ ಕವರ್ ಹಾಕಿಕೊಂಡು ಎತ್ತಿ, ಆಮೇಲೆ ಸೋಪಿನಿಂದ ಕೈ ತೊಳೆದರೆ ಸಾಕು. ಮಗು ಕೊನೆಯ ಸಲ ಮೈ ಸವರಬೇಕು ಎಂದರೆ ಬೈಯಬೇಡಿ, ಸವರಲಿ, ಆಮೇಲೆ ಕೈ ತೊಳೆಸಿ.

ಮೇಲೆ ಯಾವ ಗಿಡ, ಎಂಥ ಕಲ್ಲು?

ಗಿಡಕ್ಕೆ ಇದರಿಂದ ಸಿಗುವ ಗೊಬ್ಬರ ಎಷ್ಟು ಎಂದು ಲೆಕ್ಕ ಹಾಕಿದೆವು. ಪ್ರಾಣಿ ದೇಹದಲ್ಲಿ ಸುಮಾರು ನೂರಕ್ಕೆ ಮೂರು ಭಾಗ ಸಾರಜನಕ. ಅಂದರೆ ಒಂದು ಹ್ಯಾಮ್‌ಸ್ಟರ್ ಒಂದೆರಡು ಚಮಚ ಯೂರಿಯಾಕ್ಕೆ ಸಮ, ಅದೂ ತಿಂಗಳುಗಟ್ಟಲೆ ನಿಧಾನವಾಗಿ. ಪವಾಡವೇನೂ ಆಗದು, ಗಿಡ ಸುಡುವುದೂ ಇಲ್ಲ. ಕನಕಾಂಬರ, ನಂದಿಬಟ್ಟಲು, ದಾಸವಾಳ, ಪಾರಿಜಾತ ಯಾವುದಾದರೂ ಆಗುತ್ತದೆ. ದನ, ಮೇಕೆ ಬಾಯಿ ಹಾಕುವ ಜಾಗವಾದರೆ ಕಣಗಿಲೆ ಬೇಡ, ಅದರ ಎಲೆ ವಿಷ. ಮೂಲಂಗಿ, ಗೆಣಸಿನಂಥ ಗೆಡ್ಡೆ ಬೆಳೆಯನ್ನು ಅಲ್ಲಿ ಒಂದು ವರ್ಷ ಹಾಕಬೇಡಿ.

ಕಲ್ಲಿಗೆ ಹಾಸನದವರಿಗೆ ಒಂದು ಅನುಕೂಲವಿದೆ. ಬೇಲೂರು, ಹಳೇಬೀಡಿನ ಶಿಲ್ಪಗಳು ಬಳಪದ ಕಲ್ಲಿನವು. ಅದು ಎಷ್ಟು ಮೆತ್ತಗೆಂದರೆ ಮೊಳೆಯಿಂದ ಮಕ್ಕಳೇ ಹೆಸರು ಕೆರೆಯಬಹುದು, ಮಳೆಗೆ ಅಳಿಸುವುದೂ ಇಲ್ಲ. ಹೊಸ ಕಲ್ಲಿನ ಚೂರನ್ನು ಕೆತ್ತನೆಯವರಲ್ಲಿ ಕೇಳಿ ತನ್ನಿ, ಹಳೆಯ ಗುಡಿಯ ಕಲ್ಲಿಗೆ ಮಾತ್ರ ಕೈ ಹಾಕಬೇಡಿ.

ಹಿತ್ತಲಿಲ್ಲದ ಬಾಡಿಗೆ ಮನೆಯವರು ಒಂದೂವರೆ, ಎರಡು ಅಡಿ ಆಳದ ದೊಡ್ಡ ಕುಂಡದಲ್ಲಿಯೂ ಹೂಳಬಹುದು. ಬೆಂಗಳೂರಿನವರಿಗೆ ಕೆಂಗೇರಿ ಬಳಿ ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆಯ ಸಾಕುಪ್ರಾಣಿ ಸ್ಮಶಾನವಿದೆ. ಪಶುವೈದ್ಯರು ಚುಚ್ಚುಮದ್ದು ಕೊಟ್ಟು ನೋವಿಲ್ಲದೆ ಸಾಯಿಸಿದ್ದರೆ, ಆ ಔಷಧ ದೇಹದಲ್ಲಿ ಉಳಿದಿರುತ್ತದೆ. ನಾಯಿ, ಹದ್ದು ತಿಂದರೆ ಅವೂ ಸಾಯಬಹುದು. ಹೂಳುವ ಬಗೆಯನ್ನು ಅವರನ್ನೇ ಕೇಳಿ.

"ಇಲಿಗೊಂದು ಸಮಾಧಿಯಾ?"

ಪ್ರಾಣಿಗೆ ಕಲ್ಲು ನೆಡುವುದು ಸಿನಿಮಾ ನೋಡಿ ಕಲಿತ ಚಾಳಿ ಎನ್ನುವವರಿಗೆ ಆತಕೂರಿನ ಕಲ್ಲನ್ನು ತೋರಿಸಬೇಕು. ಆತಕೂರು ಇರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಕ್ರಿ.ಶ. 949-50ರ ಹೊತ್ತಿಗೆ, ಗಂಗರ ದೊರೆ ಬೂತುಗನ ಕಡೆಯ ಮಣಲೆರ ಎಂಬ ವೀರ ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ. ಮೆಚ್ಚಿದ ರಾಷ್ಟ್ರಕೂಟ ಮೂರನೆಯ ಕೃಷ್ಣ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಜೊತೆ ಸೆಣಸಿತು, ಎರಡೂ ಸತ್ತವು. ಮಣಲೆರ ಅದಕ್ಕೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ನಾಯಿ, ಹಂದಿ ಕಾದಾಡುವ ಚಿತ್ರವಿರುವ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ.

ಅಷ್ಟು ಹಿಂದೆ ಹೋಗುವುದೂ ಬೇಡ. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಇದೇ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಕಾಡಾನೆಯ ಜೊತೆಗಿನ ಕಾದಾಟದಲ್ಲಿ ಸತ್ತಾಗ, ಅಲ್ಲೇ ಮಣ್ಣು ಮಾಡಿದರು. ಮಾವುತ ಅತ್ತದ್ದನ್ನು ನೋಡಿ ಯಾರೂ ನಗಲಿಲ್ಲ. ಮಗು ಅಳುವುದೂ ಅದೇ ಅಳು, ಪ್ರಾಣಿ ಸಣ್ಣದು ಅಷ್ಟೆ.

ಸುತ್ತಲಿನವರು ಒಪ್ಪದ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1980ರ ದಶಕದಿಂದ ಬರೆಯುತ್ತಾ ಬಂದಿದ್ದಾರೆ. ಅತ್ತವರನ್ನು ನಕ್ಕು ಸುಮ್ಮನಾಗಿಸಿದರೆ ದುಃಖ ಕಡಿಮೆಯಾಗುವುದಿಲ್ಲ, ಅದನ್ನು ಹೇಳಿಕೊಳ್ಳುವ ಜಾಗ ಇಲ್ಲದಂತಾಗುತ್ತದೆ. ಐದಾರು ವರ್ಷದೊಳಗಿನ ಮಕ್ಕಳಿಗೆ ಸತ್ತದ್ದು ಮತ್ತೆ ಬರುವುದಿಲ್ಲ ಎನ್ನುವುದೇ ಪೂರ್ತಿ ಅರ್ಥವಾಗಿರುವುದಿಲ್ಲ. ಅವರಿಗೆ "ಮಲಗಿದೆ ಪುಟ್ಟ" ಎಂದು ಹೇಳಬೇಡಿ, ರಾತ್ರಿ ಮಲಗಲು ಹೆದರುವ ಮಕ್ಕಳಿದ್ದಾರೆ. "ಓಡಿಹೋಯಿತು" ಎಂದರೆ ವಾರಗಟ್ಟಲೆ ಮಂಚದ ಕೆಳಗೆ ಹುಡುಕುತ್ತಾರೆ. "ಅದಕ್ಕೆ ವಯಸ್ಸಾಗಿತ್ತು, ಸತ್ತುಹೋಯಿತು, ಅದಕ್ಕೆ ಈಗ ನೋವಾಗುವುದಿಲ್ಲ" ಎಂದರೆ ಸಾಕು. "ನಾನು ಕಾಳು ಹಾಕೋದು ಮರೆತೆ, ಅದಕ್ಕೇ ಸತ್ತಿತಾ?" ಎಂದು ಕೇಳಿದರೆ, ಅದರ ಆಯಸ್ಸೇ ಇಷ್ಟು ಎಂಬ ಲೆಕ್ಕವನ್ನು ಕೂತು ಹೇಳಿ.

ಗುಂಡಿ ದೊಡ್ಡವರು ತೋಡಲಿ, ಹಿಡಿಮಣ್ಣು ಮಗು ಹಾಕಲಿ. ಪಂಜರದೊಳಗಿನ ಹೊಟ್ಟು, ಹುಲ್ಲನ್ನು ಅದೇ ದಿನ ಎಸೆದು, ಪಂಜರವನ್ನು ಸೋಪು ನೀರಿನಿಂದಲೂ ಆಮೇಲೆ ಬ್ಲೀಚಿಂಗ್ ನೀರಿನಿಂದಲೂ ತೊಳೆದು ಬಿಸಿಲಿಗೆ ಒಣಗಿಸಿ. ಹೊಸದನ್ನು ಮರುದಿನವೇ ತಂದುಕೊಡುವ ಆತುರ ಬೇಡ. ಮಗುವೇ ಕೇಳುವವರೆಗೆ ಪಂಜರ ಅಟ್ಟದ ಮೇಲಿರಲಿ.