ಗೋಡೆಯ ಕನ್ನಡಿ ಗಟ್ಟಿಯಾಗಿರಲಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬ ಗಾದೆ ಇದೆ. ಅಂಗೈ ಹುಣ್ಣಿಗೆ ಬೇಡದಿದ್ದರೂ ಮನೆಗೆ ಕನ್ನಡಿ ಬೇಕೇ ಬೇಕು. ಶಾಲೆಗೆ ಹೊರಟ ಮಗುವಿನ ತಲೆ ಬಾಚಲು, ಮದುವೆಗೆ ಹೊರಟ ತಾಯಿ ಸ್ಕಾರ್ಫಿನ ಪಿನ್ ಸರಿಪಡಿಸಲು, ಕೆಲಸಕ್ಕೆ ಹೊರಟ ತಂದೆ ಗಡ್ಡ ತಿದ್ದಿಕೊಳ್ಳಲು ಅದು ಬೇಕು. ದಿನಕ್ಕೆ ಹತ್ತು ಸಲ ನಾವು ಅದರ ಮುಂದೆ ನಿಲ್ಲುತ್ತೇವೆ. ಆದರೆ ಅದರ ಹಿಂದೆ ಏನಿದೆ ಎಂದು ನೋಡುವವರು ಎಷ್ಟು ಮಂದಿ?

ಹೆಚ್ಚಿನ ಮನೆಗಳಲ್ಲಿ ಅಲ್ಲಿರುವುದು ಹಿಂದೆ ಯಾವಾಗಲೋ ಕ್ಯಾಲೆಂಡರ್ ತೂಗುಹಾಕಲು ಹೊಡೆದ ಒಂದು ಮೊಳೆ. ಕ್ಯಾಲೆಂಡರ್ ಬಿದ್ದರೆ ಎತ್ತಿ ಮತ್ತೆ ತೂಗುಹಾಕಬಹುದು. ಏಳೆಂಟು ಕಿಲೋ ತೂಕದ ಗಾಜು ಬಿದ್ದರೆ ಕಥೆಯೇ ಬೇರೆ. ಕನ್ನಡಿಯ ಕೆಳಗೆ ಹೆಚ್ಚು ಹೊತ್ತು ಆಡುವುದು ಮನೆಯ ಚಿಕ್ಕ ಮಕ್ಕಳೇ. ತನ್ನ ಪ್ರತಿಬಿಂಬವನ್ನು ತಟ್ಟಿ ನಗುವುದು, ಚೌಕಟ್ಟು ಹಿಡಿದು ಎದ್ದು ನಿಲ್ಲಲು ಯತ್ನಿಸುವುದು ಮಗುವಿನ ಸ್ವಭಾವ. ಆದ್ದರಿಂದ ಕನ್ನಡಿ ಬಿಗಿಯುವ ಕೆಲಸವನ್ನು ಕೇವಲ ಅಲಂಕಾರದ ಕೆಲಸವೆಂದು ತಿಳಿಯಬಾರದು.

ಇನ್ನೊಂದು ಮಾತು. ಗಂಡಸರು ದೂರದ ಊರಿನಲ್ಲೋ ಗಲ್ಫಿನಲ್ಲೋ ದುಡಿಯುವ ಮನೆಗಳಲ್ಲಿ ಇಂತಹ ಕೆಲಸಗಳು 'ಅವರು ರಜೆಗೆ ಬಂದಾಗ ನೋಡೋಣ' ಎಂದು ಮುಂದಕ್ಕೆ ಹೋಗುತ್ತವೆ. ಅಲ್ಲಿಯ ತನಕ ಕನ್ನಡಿ ಗೋಡೆಗೆ ಒರಗಿಕೊಂಡು ನೆಲದ ಮೇಲೆ ನಿಂತಿರುತ್ತದೆ. ನಿಜವಾಗಿ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಈ ಕೆಲಸ ಗೃಹಿಣಿಯರಿಗೂ ಅಸಾಧ್ಯವಾದುದಲ್ಲ. ಬೇರೆಯವರಿಂದ ಮಾಡಿಸುವುದಾದರೂ ಅದರ ಲೆಕ್ಕಾಚಾರ ತಿಳಿದಿದ್ದರೆ ಸರಿಯಾಗಿ ಮಾಡಿಸಬಹುದು.

ಎಷ್ಟು ದೊಡ್ಡ ಕನ್ನಡಿ ಬೇಕು?

ತಲೆಯಿಂದ ಕಾಲಿನ ತನಕ ಕಾಣಬೇಕಾದರೆ ಆಳೆತ್ತರದ ಕನ್ನಡಿಯೇ ಬೇಕೆಂದು ಹಲವರು ಭಾವಿಸುತ್ತಾರೆ. ಅದು ತಪ್ಪು. ನಿಮ್ಮ ಎತ್ತರದ ಅರ್ಧದಷ್ಟು ಉದ್ದದ ಕನ್ನಡಿ ಸಾಕು. ಬೆಳಕು ಯಾವ ಕೋನದಲ್ಲಿ ಕನ್ನಡಿಗೆ ಬೀಳುತ್ತದೆಯೋ ಅದೇ ಕೋನದಲ್ಲಿ ಹಿಂತಿರುಗುತ್ತದೆ ಎಂದು ಶಾಲೆಯಲ್ಲಿ ಕಲಿತ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಾದದಿಂದ ಹೊರಟ ಬೆಳಕು ಪಾದಕ್ಕೂ ಕಣ್ಣಿಗೂ ನಡುಮಧ್ಯದಲ್ಲಿ ಕನ್ನಡಿಗೆ ತಾಗಿ ಕಣ್ಣನ್ನು ಸೇರುತ್ತದೆ. ಅದಕ್ಕಿಂತ ಕೆಳಗಿನ ಗಾಜಿನಿಂದ ನಿಮಗೆ ಪ್ರಯೋಜನವಿಲ್ಲ. ನೀವು ಹಿಂದೆ ಸರಿದರೂ ಮುಂದೆ ಬಂದರೂ ಈ ಲೆಕ್ಕ ಬದಲಾಗುವುದಿಲ್ಲ.

ಉದಾಹರಣೆಗೆ, 5 ಅಡಿ 2 ಇಂಚು ಎತ್ತರದ ತಾಯಿಯ ಕಣ್ಣು ನೆಲದಿಂದ ಸುಮಾರು 58 ಇಂಚು ಮೇಲಿರುತ್ತದೆ. ಅವರಿಗೆ ನೆಲದಿಂದ 29 ಇಂಚಿನಲ್ಲಿ ಆರಂಭವಾಗಿ 60 ಇಂಚಿನಲ್ಲಿ ಮುಗಿಯುವ ಕನ್ನಡಿ ಸಾಕು. 5 ಅಡಿ 8 ಇಂಚಿನ ತಂದೆಗೆ 32ರಿಂದ 66 ಇಂಚಿನ ತನಕ ಬೇಕು. ಇಬ್ಬರಿಗೂ ಆಗಬೇಕಾದರೆ 29ರಿಂದ 66, ಅಂದರೆ ಮೂರು ಅಡಿಗಿಂತ ಒಂದಿಂಚು ಹೆಚ್ಚು. ಐದಾರು ಅಡಿಯ ಕನ್ನಡಿಗೆ ಹಣ ಕೊಟ್ಟು, ಅದರ ಭಾರವನ್ನು ಗೋಡೆಗೆ ಹೊರಿಸುವ ಅಗತ್ಯವೇ ಇಲ್ಲ.

ಮೊದಲು ತೂಕ ತಿಳಿಯಿರಿ

ಗಾಜಿನ ತೂಕದ ಲೆಕ್ಕ ಸುಲಭ. 4 ಮಿ.ಮೀ. ದಪ್ಪದ ಕನ್ನಡಿ ಒಂದು ಚದರ ಅಡಿಗೆ ಸುಮಾರು ಒಂದು ಕಿಲೋ ಭಾರವಿರುತ್ತದೆ. 5 ಮಿ.ಮೀ.ಗೆ ಸುಮಾರು 1.2 ಕಿಲೋ, 6 ಮಿ.ಮೀ.ಗೆ ಸುಮಾರು 1.4 ಕಿಲೋ. ಮೂರು ಅಡಿ ಉದ್ದ, ಎರಡು ಅಡಿ ಅಗಲದ 5 ಮಿ.ಮೀ. ಕನ್ನಡಿಯಲ್ಲಿ ಗಾಜೇ 7 ಕಿಲೋ ಆಯಿತು. ಮರದ ಚೌಕಟ್ಟು, ಹಿಂಬದಿಯ ಹಲಗೆ ಸೇರಿದರೆ 10 ಕಿಲೋ ಎಂದಿಟ್ಟುಕೊಳ್ಳಿ. ಅಡುಗೆಮನೆಗೆ ತರುವ 10 ಕಿಲೋ ಅಕ್ಕಿಯ ಚೀಲವನ್ನು ಆ ಕ್ಯಾಲೆಂಡರಿನ ಮೊಳೆಗೆ ನೇತುಹಾಕಲು ನಿಮಗೆ ಧೈರ್ಯವಿದೆಯೇ? ಇಲ್ಲವಾದರೆ ಕನ್ನಡಿಯನ್ನೂ ಹಾಕಬೇಡಿ.

ಗೋಡೆ ಯಾವುದರದ್ದು?

ಮೊಳೆ ಗಟ್ಟಿ ಇದ್ದರೆ ಸಾಕು ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಭಾರವನ್ನು ಹೊರುವುದು ಮೊಳೆಯ ಸುತ್ತಲಿನ ಗೋಡೆ. ನಮ್ಮ ಗೋಡೆಗಳ ಮೇಲಿನ ಸಿಮೆಂಟ್ ಸಾರಣೆ ಸಾಮಾನ್ಯವಾಗಿ ಅರ್ಧ ಇಂಚಿನಷ್ಟು ದಪ್ಪ. ಮುಕ್ಕಾಲು ಇಂಚಿನ ಮೊಳೆ ಹೊಡೆದರೆ ಅದರ ಹೆಚ್ಚಿನ ಭಾಗ ಸಾರಣೆಯಲ್ಲೇ ಉಳಿಯುತ್ತದೆ. ಸಾರಣೆ ಎದ್ದಾಗ ಮೊಳೆಯೂ ಬರುತ್ತದೆ. ಆದ್ದರಿಂದ ಸ್ಕ್ರೂ ಸಾರಣೆಯನ್ನು ದಾಟಿ ಒಳಗಿನ ಕಲ್ಲು ಅಥವಾ ಇಟ್ಟಿಗೆಯಲ್ಲಿ ಕನಿಷ್ಠ ಒಂದೂವರೆ ಇಂಚು ಹಿಡಿದಿರಬೇಕು.

ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಲ್ಲಿ ಸಾರಣೆ ಬಿಟ್ಟಿದೆ ಅಥವಾ ಒಳಗೆ ಟೊಳ್ಳು ಬ್ಲಾಕ್ ಇದೆ. ಡ್ರಿಲ್ ಮಾಡುವಾಗ ಬರುವ ಪುಡಿಯೂ ವಿಷಯ ಹೇಳುತ್ತದೆ. ಮೊದಲು ಬೂದು ಬಣ್ಣದ ಪುಡಿ, ನಂತರ ಕೆಂಪು ಬಂದರೆ ಒಳಗೆ ಇಟ್ಟಿಗೆ ಅಥವಾ ಕೆಂಪು ಕಲ್ಲು. ಕೊನೆಯ ತನಕ ಬೂದು ಬಣ್ಣವೇ ಬಂದು, ಬಿಟ್ ಮುಂದೆ ಹೋಗಲು ಒಪ್ಪದಿದ್ದರೆ ಕಾಂಕ್ರೀಟ್ ಕಂಬ ಅಥವಾ ಬೀಮ್.

ಇಟ್ಟಿಗೆ ಮತ್ತು ಕಾಂಕ್ರೀಟ್ ಗೋಡೆಗೆ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಚೆನ್ನಾಗಿ ಹಿಡಿಯುತ್ತದೆ. ಕರಾವಳಿಯ ಕೆಂಪು ಕಲ್ಲು ಮೆದು; ಅದರಲ್ಲಿ ಸಣ್ಣ ಸಣ್ಣ ಪೊಟರೆಗಳಿರುತ್ತವೆ. ಅಲ್ಲಿ ತೂತು ಬೇಗ ಅಗಲವಾಗುವುದರಿಂದ ಎರಡು ಇಂಚು ಅಥವಾ ಅದಕ್ಕಿಂತ ಉದ್ದದ ಪ್ಲಗ್ ಬೇಕು. ತೂತು ತೀರಾ ಸಡಿಲವಾದರೆ ಸಿಮೆಂಟ್ ತುಂಬಿ, ಚೆನ್ನಾಗಿ ಗಟ್ಟಿಯಾದ ಮೇಲೆ ಹೊಸದಾಗಿ ಡ್ರಿಲ್ ಮಾಡಬೇಕು. ಬೆಂಕಿಕಡ್ಡಿ, ಕಾಗದ ತುರುಕಿ ಬಿಗಿ ಮಾಡುವ ಉಪಾಯ ಬೇಡ. ಟೊಳ್ಳು ಬ್ಲಾಕಿನಲ್ಲಿ ಡ್ರಿಲ್ಲಿನ ಹ್ಯಾಮರ್ ಗುಂಡಿ ಒತ್ತಿದರೆ ಒಳಗಿನ ತೆಳು ಪದರ ಒಡೆದುಹೋಗುತ್ತದೆ. ಅಲ್ಲಿ ಹ್ಯಾಮರ್ ಇಲ್ಲದೆ ಡ್ರಿಲ್ ಮಾಡಿ, ಒಳಗೆ ಹೋಗಿ ರೆಕ್ಕೆಯಂತೆ ಅರಳುವ ಪ್ಲಗ್ ಬಳಸಬೇಕು. ಹಳೆಯ ಹೆಂಚಿನ ಮನೆಯ ಮಣ್ಣಿನ ಗೋಡೆಯಲ್ಲಂತೂ ಯಾವ ಪ್ಲಗ್ಗನ್ನೂ ನಂಬುವಂತಿಲ್ಲ. ಅಲ್ಲಿ ಚಿಕ್ಕ ಕನ್ನಡಿಯನ್ನೇ ಆರಿಸಿ, ಗೋಡೆಗೆ ಬದಲು ಗಟ್ಟಿಯಾದ ಮರಕ್ಕೆ, ಉದಾಹರಣೆಗೆ ಒಳ್ಳೆಯ ಸ್ಥಿತಿಯಲ್ಲಿರುವ ಕಂಬಕ್ಕೆ ಸ್ಕ್ರೂ ಹಾಕುವುದು ಲೇಸು.

ಡ್ರಿಲ್ ಹಿಡಿಯುವ ಮುನ್ನ

ಗೋಡೆಯೊಳಗೆ ಕರೆಂಟಿನ ತಂತಿ ಹೋಗಿರಬಹುದು ಎಂಬುದನ್ನು ಮರೆಯಬೇಡಿ. ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ತಂತಿ ನೇರ ಮೇಲಕ್ಕೆ ಅಥವಾ ಕೆಳಕ್ಕೆ, ಕೆಲವೊಮ್ಮೆ ಅಡ್ಡಕ್ಕೆ ಹೋಗಿರುತ್ತದೆ. ಆ ಸಾಲುಗಳಲ್ಲಿ ಡ್ರಿಲ್ ಮಾಡಬಾರದು. ಸ್ನಾನಗೃಹದಲ್ಲಿ ನಲ್ಲಿ, ಗೀಸರ್‌ಗಳ ಮೇಲೆ ಕೆಳಗೆ ನೀರಿನ ಪೈಪ್ ಇರುತ್ತದೆ. ಸಂಶಯವಿದ್ದರೆ ಮನೆಯ ವಯರಿಂಗ್ ಬಲ್ಲ ಎಲೆಕ್ಟ್ರಿಷಿಯನ್‌ನನ್ನು ಕೇಳಿ. ಬಾಡಿಗೆ ಮನೆಯಾದರೆ ಮಾಲಕರ ಅನುಮತಿ ಪಡೆದೇ ಗೋಡೆಗೆ ಕೈಹಾಕಿ.

ಜಾಗದ ಆಯ್ಕೆಯೂ ಮುಖ್ಯ. ಮಂಚದ ತಲೆಭಾಗ, ತೊಟ್ಟಿಲಿನ ಮೇಲ್ಭಾಗ, ಬಾಗಿಲು ರಪ್ಪೆಂದು ಬಡಿಯುವ ಜಾಗ ಬೇಡ. ನಮಾಝ್ ಮಾಡುವವರ ಎದುರಿನ ಗೋಡೆಯೂ ಬೇಡ. ಗಮನ ಬೇರೆಡೆ ಹೋಗುತ್ತದೆ. ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆಯಲ್ಲಿ ಕನ್ನಡಿಯೂ ಹಾಳು, ಕಬ್ಬಿಣದ ಸ್ಕ್ರೂ ಕೂಡ ಹಾಳು.

ಬಿಗಿಯುವ ಕ್ರಮ

ಪ್ಲಾಸ್ಟಿಕ್ ಪ್ಲಗ್ಗನ್ನು ಅಂಗಡಿಯಲ್ಲಿ 'ರಾಲ್ ಪ್ಲಗ್' ಎಂದು ಕೇಳಿದರೆ ಕೊಡುತ್ತಾರೆ. 1911ರಲ್ಲಿ ಇದನ್ನು ಕಂಡುಹಿಡಿದ ಇಂಗ್ಲೆಂಡಿನ ಜಾನ್ ಜೋಸೆಫ್ ರಾಲಿಂಗ್ಸ್ ಎಂಬವರ ಹೆಸರೇ ಅದಕ್ಕೆ ಉಳಿದಿದೆ. ಆಗಿನ ಪ್ಲಗ್ ಸೆಣಬಿನ ನಾರಿನದ್ದಾಗಿತ್ತು. ಕೆಲಸ ಮಾತ್ರ ಇಂದಿಗೂ ಅದೇ: ಸ್ಕ್ರೂ ಒಳಹೋದಂತೆ ಪ್ಲಗ್ ಅಗಲವಾಗಿ ತೂತಿನ ಸುತ್ತಲೂ ಒತ್ತಿ ಹಿಡಿಯುತ್ತದೆ. ಆದ್ದರಿಂದ 8 ಮಿ.ಮೀ. ಪ್ಲಗ್ಗಿಗೆ 8 ಮಿ.ಮೀ. ಬಿಟ್ಟನ್ನೇ ಬಳಸಬೇಕು. ಪ್ಲಗ್ಗಿನ ಉದ್ದಕ್ಕಿಂತ ಸ್ವಲ್ಪ ಹೆಚ್ಚು ಆಳ ಬರುವಂತೆ ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಕಣ್ಣಿಗೆ ಕನ್ನಡಕ, ಕಾಲಿಗೆ ಚಪ್ಪಲಿ ಇರಲಿ. ತೂತಿನೊಳಗಿನ ಪುಡಿಯನ್ನು ತೆಗೆದ ಮೇಲೆಯೇ ಪ್ಲಗ್ ಹಾಕಿ. ಪುಡಿ ಉಳಿದರೆ ಹಿಡಿತ ಕಡಿಮೆ.

ಕೊಕ್ಕೆ ಒಂದಲ್ಲ, ಎರಡಿರಲಿ. ಒಂದು ಕೈಕೊಟ್ಟರೂ ಇನ್ನೊಂದು ಹಿಡಿದೀತು. ಕನ್ನಡಿ ಓರೆಯಾಗುವುದೂ ಇಲ್ಲ. ಎರಡು ಗುರುತುಗಳೂ ಒಂದೇ ಮಟ್ಟದಲ್ಲಿರಲು ಮೇಸ್ತ್ರಿಗಳ ಉಪಾಯವಿದೆ. ಪಾರದರ್ಶಕ ಟ್ಯೂಬಿಗೆ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ ಎರಡು ತುದಿಗಳನ್ನು ಗೋಡೆಗೆ ಹಿಡಿದರೆ ಎರಡೂ ಕಡೆ ನೀರಿನ ಮಟ್ಟ ಒಂದೇ ಆಗಿರುತ್ತದೆ.

ಚೌಕಟ್ಟಿನ ಹಿಂಬದಿಗೆ ಒಂದು ತುದಿಯಿಂದ ಇನ್ನೊಂದಕ್ಕೆ ತಂತಿ ಕಟ್ಟಿ ಒಂದೇ ಮೊಳೆಗೆ ಸಿಕ್ಕಿಸುವುದು ವಾಡಿಕೆ. ಬಟ್ಟೆ ಒಣಗಿಸುವ ಹಗ್ಗವನ್ನು ನೆನಪಿಸಿಕೊಳ್ಳಿ. ಬಿಗಿಯಾಗಿ ಕಟ್ಟಿದ ಹಗ್ಗಕ್ಕೆ ಒದ್ದೆ ಕಂಬಳಿ ಹಾಕಿದರೆ ಎರಡೂ ತುದಿಗಳು ಕಿತ್ತುಬರುವಂತೆ ಎಳೆಯುತ್ತವೆ. ತಂತಿಯೂ ಹಾಗೆಯೇ. ತಂತಿ ಅಡ್ಡಗೆರೆಯಿಂದ 30 ಡಿಗ್ರಿ ಮಾತ್ರ ಮೇಲೆದ್ದಿದ್ದರೆ ಪ್ರತಿಯೊಂದು ಬದಿಯ ಮೇಲೂ ಕನ್ನಡಿಯ ಪೂರ್ತಿ ಭಾರದಷ್ಟು ಸೆಳೆತ ಬೀಳುತ್ತದೆ. 15 ಡಿಗ್ರಿಗೆ ಇಳಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಆದ್ದರಿಂದ ತಂತಿ ಬಿಟ್ಟು, ಚೌಕಟ್ಟಿನ ಎರಡು ಬದಿಯ ಮರಕ್ಕೆ ಸ್ಕ್ರೂ ಹಾಕಿದ ಲೋಹದ ಬಳೆಗಳನ್ನು ನೇರವಾಗಿ ಎರಡು ಕೊಕ್ಕೆಗಳಿಗೆ ಸಿಕ್ಕಿಸುವುದೇ ಉತ್ತಮ. ಬಳೆಗಳು ಚೌಕಟ್ಟಿನ ಮೇಲ್ಭಾಗದಲ್ಲಿರಲಿ. ನಡುವಿಗೆ ಬಂದರೆ ಕನ್ನಡಿ ಮುಂದಕ್ಕೆ ಬಾಗಿ ಕೊಕ್ಕೆಯನ್ನು ಗೋಡೆಯಿಂದ ಹೊರಗೆ ಎಳೆಯುತ್ತದೆ.

ಚೌಕಟ್ಟಿಲ್ಲದ ಕನ್ನಡಿಗೆ ಕೆಳಭಾಗದಲ್ಲಿ ಭಾರ ಹೊರುವ ಲೋಹದ ಪಟ್ಟಿ ಅಥವಾ ಕ್ಲಿಪ್ಪುಗಳು, ಮೇಲೆ ಹಿಡಿಯುವ ಕ್ಲಿಪ್ಪುಗಳು ಬೇಕು. ಗಾಜಿಗೂ ಲೋಹಕ್ಕೂ ನಡುವೆ ರಬ್ಬರ್ ವಾಶರ್ ಇರಲಿ. ಅತಿಯಾಗಿ ಬಿಗಿದರೆ ಗಾಜು ಸೀಳುತ್ತದೆ. ಸುಣ್ಣ ಬಳಿದ ಗೋಡೆಗೆ ಅಂಟು ಟೇಪನ್ನು ನಂಬಬೇಡಿ; ಅಂಟು ಹಿಡಿದಿರುವುದು ಸುಣ್ಣವನ್ನು, ಗೋಡೆಯನ್ನಲ್ಲ. ಸಿಲಿಕಾನ್ ಬಳಸುವುದಾದರೆ ವಿನೆಗರ್ ವಾಸನೆ ಬರುವಂತಹದ್ದು ಬೇಡ. ಅದರ ಆಮ್ಲ ಕನ್ನಡಿಯ ಹಿಂಬದಿಯ ಬೆಳ್ಳಿಯ ತೆಳು ಲೇಪವನ್ನು ತಿನ್ನುತ್ತದೆ. ಕನ್ನಡಿಗೆಂದೇ ಇರುವುದನ್ನು ಕೇಳಿ ತನ್ನಿ. ಸ್ನಾನಗೃಹಕ್ಕೆ ಸ್ಟೈನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಸ್ಕ್ರೂ ಹಾಕಿ, ಗಾಳಿಯಾಡಲು ಕನ್ನಡಿಗೂ ಗೋಡೆಗೂ ನಡುವೆ ಸ್ವಲ್ಪ ಜಾಗ ಬಿಡಿ. ಅಂಚಿನಲ್ಲಿ ಕಾಣುವ ಕಪ್ಪು ಕಲೆಗಳು ಹೆಚ್ಚಾಗಿ ತೇವ ಒಳಹೊಕ್ಕಿದ್ದರ ಗುರುತು.

ಬಕೆಟ್ ಪರೀಕ್ಷೆ

ಕನ್ನಡಿ ಹಾಕುವ ಮೊದಲು ಕೊಕ್ಕೆಯನ್ನು ಪರೀಕ್ಷಿಸಿ. ಒಂದು ಲೀಟರ್ ನೀರು ಒಂದು ಕಿಲೋ. ಕನ್ನಡಿ 10 ಕಿಲೋ ಇದ್ದರೆ ಪ್ರತಿ ಕೊಕ್ಕೆಯ ಪಾಲು 5 ಕಿಲೋ. ಒಂದೊಂದರ ಮೇಲೂ 10 ಲೀಟರ್ ನೀರು ತುಂಬಿದ ಬಕೆಟ್ ತೂಗಿಸಿ. ಹಗ್ಗ ಉದ್ದವಿರಲಿ. ಬಕೆಟ್ ನೆಲದಿಂದ ಒಂದಿಂಚು ಮಾತ್ರ ಮೇಲಿದ್ದರೆ ಬಿದ್ದರೂ ನಷ್ಟವಿಲ್ಲ. ಒಂದು ರಾತ್ರಿ ಹಾಗೆಯೇ ಬಿಡಿ, ಮಕ್ಕಳನ್ನು ಅತ್ತ ಬಿಡಬೇಡಿ. ಬೆಳಿಗ್ಗೆ ಕೊಕ್ಕೆ ಬಾಗದೆ, ಸುತ್ತಲಿನ ಸಾರಣೆ ಬಿರುಕು ಬಿಡದೆ ಇದ್ದರೆ ಕನ್ನಡಿಯನ್ನು ನೆಮ್ಮದಿಯಿಂದ ಹಾಕಬಹುದು. ಹಾಕುವಾಗ ಇಬ್ಬರಿರಲಿ. ಗಾಜನ್ನು ಮಲಗಿಸಿ ಹೊರಬೇಡಿ, ನಿಲ್ಲಿಸಿಯೇ ಹಿಡಿಯಿರಿ.

ಇಷ್ಟಾದರೂ ಗಾಜು ಗಾಜೇ. ಕನ್ನಡಿಯ ಹಿಂಬದಿಗೆ ಸುರಕ್ಷಾ ಫಿಲ್ಮ್ ಅಂಟಿಸಿ ಕೊಡಲು ಗ್ಲಾಸಿನ ಅಂಗಡಿಯವರಲ್ಲಿ ಕೇಳಿ. ಒಡೆದರೂ ಚೂರುಗಳು ಹೆಚ್ಚಾಗಿ ಫಿಲ್ಮಿಗೆ ಅಂಟಿಕೊಂಡೇ ಉಳಿಯುತ್ತವೆ.

ಒಡೆದರೆ ಏನು ಮಾಡಬೇಕು?

ಕನ್ನಡಿ ಒಡೆದರೆ ಮನೆಗೆ ಕೇಡು ಎಂದು ಹೆದರುವವರಿದ್ದಾರೆ. ಅದು ಬರೀ ಮೂಢನಂಬಿಕೆ. ಕೇಡಿರುವುದು ನೆಲದಲ್ಲಿ ಉಳಿದ ಚೂರುಗಳಲ್ಲಿ. ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ, ಚಪ್ಪಲಿ ಹಾಕಿಕೊಳ್ಳಿ. ದೊಡ್ಡ ತುಂಡುಗಳನ್ನು ದಪ್ಪ ಬಟ್ಟೆಯಿಂದ ಹಿಡಿದು ತೆಗೆಯಿರಿ. ಕಣ್ಣಿಗೆ ಕಾಣದ ಪುಡಿಯನ್ನು ಒದ್ದೆ ಪತ್ರಿಕೆಯಿಂದ ಒತ್ತಿ ತೆಗೆದು, ಆ ಕಾಗದವನ್ನೂ ಚೂರುಗಳ ಜೊತೆಗೇ ಹಾಕಿ. ಎಲ್ಲವನ್ನೂ ಹಲವು ಪದರ ಪತ್ರಿಕೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ತುಂಬಿ 'ಗಾಜು' ಎಂದು ದೊಡ್ಡದಾಗಿ ಬರೆದು ಪ್ರತ್ಯೇಕವಾಗಿ ಕೊಡಿ. ನಮ್ಮ ಮನೆಯ ಕಸವನ್ನು ಎತ್ತುವ ಪೌರಕಾರ್ಮಿಕರ ಕೈಗೂ ನೋವಾಗುತ್ತದೆ, ಅವರ ಮನೆಯಲ್ಲೂ ಮಕ್ಕಳು ಕಾಯುತ್ತಿರುತ್ತಾರೆ.

ಒಮ್ಮೆ ಬಿಗಿದರೆ ಕೆಲಸ ಮುಗಿಯಿತೆಂದಲ್ಲ. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಇಬ್ಬರು ಸೇರಿ ಕನ್ನಡಿಯನ್ನು ಕೆಳಗಿಳಿಸಿ ನೋಡಿ. ಕೊಕ್ಕೆಗೆ ತುಕ್ಕು ಹಿಡಿದಿದೆಯೇ, ಪ್ಲಗ್ ಅಲುಗಾಡುತ್ತಿದೆಯೇ, ಚೌಕಟ್ಟಿನ ಮರಕ್ಕೆ ಗೆದ್ದಲು ಬಂದಿದೆಯೇ? ಹಾಗೇನಾದರೂ ಇದ್ದರೆ ನಾಳೆಗೆ ಬಿಡದೆ ಅಂದೇ ಬದಲಾಯಿಸಿ. ಹೊಸ ಸ್ಕ್ರೂ, ಪ್ಲಗ್ಗುಗಳಿಗೆ ಆಗುವ ಖರ್ಚು ಅಲ್ಪ. ಅಷ್ಟನ್ನು ಮಾಡಿದರೆ ಕನ್ನಡಿಯ ಕೆಳಗೆ ಆಡುವ ಮಗುವಿನ ಬಗ್ಗೆ ಅಡುಗೆಮನೆಯಲ್ಲಿರುವ ತಾಯಿ ನಿಶ್ಚಿಂತೆಯಿಂದಿರಬಹುದು.