ಸಂದೇಶವು ದಾರಿ ಹಿಡಿಯುವ ಬಗೆ

ಮುಂಬಯಿಯಲ್ಲಿರುವ ನಾವು ರಜೆಯ ದಿನ ಊರಿನ ಅಜ್ಜಿಯೊಡನೆ ಮೊಬೈಲಿನ ಪರದೆಯಲ್ಲಿ ಮುಖ ನೋಡುತ್ತ ಮಾತನಾಡುತ್ತೇವೆ. ನಮ್ಮ ಮಾತು ಧಾರವಾಡಕ್ಕೋ ಉಡುಪಿಗೋ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಟ್ಟುತ್ತದೆ. ಅದು ಯಾವ ದಾರಿಯಿಂದ ಹೋಯಿತೆಂದು ಯೋಚಿಸಿದವರು ನಮ್ಮಲ್ಲಿ ಕಡಿಮೆ.

ಹಿಂದಿನ ಟೆಲಿಫೋನಿನ ರೀತಿ ಸರಳವಾಗಿತ್ತು. ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರು ಒಬ್ಬರ ತಂತಿಯನ್ನು ಇನ್ನೊಬ್ಬರ ತಂತಿಗೆ ಜೋಡಿಸುತ್ತಿದ್ದರು. ಮಾತು ಮುಗಿಯುವವರೆಗೆ ಆ ದಾರಿ ಅವರಿಬ್ಬರದೇ. ಅವರು ಮೌನವಾಗಿದ್ದರೂ ಬೇರೆಯವರಿಗೆ ಅಲ್ಲಿ ಎಡೆಯಿಲ್ಲ. ಮನುಷ್ಯರ ಮಾತಿಗೆ ಇದು ಸರಿಹೋಯಿತು. ಗಣಕಯಂತ್ರದ ಸ್ವಭಾವವೇ ಬೇರೆ. ಒಂದು ಕ್ಷಣದಲ್ಲಿ ರಾಶಿ ರಾಶಿಯಾಗಿ ಹೇಳಿ, ಆಮೇಲೆ ಬಹಳ ಹೊತ್ತು ಸುಮ್ಮನಿರುವ ಅದಕ್ಕಾಗಿ ಇಡೀ ತಂತಿಯನ್ನು ಕಾದಿರಿಸುವುದು ದುಂದಲ್ಲವೇ?

1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಎಂಬ ಇಬ್ಬರು ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯದೆಯೇ ಒಂದೇ ಉಪಾಯವನ್ನು ಕಂಡುಕೊಂಡರು. ಯುದ್ಧದಲ್ಲಿ ಕೆಲವು ಕೇಂದ್ರಗಳು ನಾಶವಾದರೂ ಉಳಿದವುಗಳ ಮೂಲಕ ಸಂದೇಶ ಸಾಗಬೇಕೆಂಬುದು ಬರಾನರ ಚಿಂತೆಯಾಗಿತ್ತು. ಉಪಾಯವಾದರೋ ಇಷ್ಟೆ: ಸಂದೇಶವನ್ನು ತುಂಡು ಮಾಡುವುದು. ಆ ತುಂಡಿಗೆ ಡೇವಿಸರು ‘ಪ್ಯಾಕೆಟ್’ ಎಂದು ಹೆಸರಿಟ್ಟರು. ನಾವು ಪೊಟ್ಟಣ ಎನ್ನೋಣ.

ಒಂದು ಪುಸ್ತಕವನ್ನು ಹಾಳೆ ಹಾಳೆಯಾಗಿ ಬಿಡಿಸಿ, ಪ್ರತಿಯೊಂದನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು, ಮೇಲೆ ವಿಳಾಸವನ್ನೂ ಪುಟಸಂಖ್ಯೆಯನ್ನೂ ಬರೆದು ಅಂಚೆಗೆ ಹಾಕಿದೆವೆಂದು ಭಾವಿಸೋಣ. ದಾರಿಯ ಪ್ರತಿಯೊಂದು ಕೂಡುನೆಲೆಯಲ್ಲಿಯೂ ರೌಟರ್ ಎಂಬ ಯಂತ್ರವಿದೆ. ಅದು ವಿಳಾಸವನ್ನು ಓದಿ, ತನ್ನಲ್ಲಿರುವ ಪಟ್ಟಿಯನ್ನು ನೋಡಿ, ಮುಂದಿನ ನೆಲೆಗೆ ಸಾಗಹಾಕುತ್ತದೆ. ಪೂರ್ತಿ ದಾರಿಯ ಗೊಡವೆ ಅದಕ್ಕಿಲ್ಲ. ಹಾಳೆಗಳು ಹಿಂದುಮುಂದಾಗಿ ಬಂದರೆ ತಲುಪಿದಲ್ಲಿನ ಗಣಕಯಂತ್ರವು ಅವನ್ನು ಸಂಖ್ಯೆಯಂತೆ ಜೋಡಿಸಿಕೊಳ್ಳುತ್ತದೆ. ಕಳೆದುಹೋದುದು ಮತ್ತೊಮ್ಮೆ ಬರುತ್ತದೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 1500 ಬೈಟುಗಳಿಗಿಂತ ಹೆಚ್ಚು ಹಿಡಿಸದು. ಕನ್ನಡದ ಒಂದು ‘ಕ’ಕ್ಕೆ 3 ಬೈಟು, ಅದರ ಗುಣಿತದ ಚಿಹ್ನೆಗೆ ಮತ್ತೆ 3 ಬೈಟು ಬೇಕಾಗುವುದರಿಂದ ಈ ಪುಟ್ಟ ಲೇಖನಕ್ಕೂ ಹಲವು ಪೊಟ್ಟಣಗಳು ಬೇಕು!

ಶಾಲೆಯ ಗಣಕಯಂತ್ರಗಳ ಕೊಠಡಿಯಲ್ಲಿ ಎಲ್ಲ ಯಂತ್ರಗಳ ತಂತಿಗಳೂ ಬಂದು ಸೇರುವ ಚಿಕ್ಕ ಪೆಟ್ಟಿಗೆಯನ್ನು ಗಮನಿಸಬೇಕು. ಅದರ ಹೆಸರು ಸ್ವಿಚ್ಚು. ಅದು ಹೊಸದಾಗಿ ಬಂದ ಅಂಚೆಯವನಂತೆ. ಯಾರ ಮನೆ ಎಲ್ಲಿ ಎಂದು ತಿಳಿಯದಿರುವಾಗ ಬಂದ ಪೊಟ್ಟಣವನ್ನು ಉಳಿದ ಎಲ್ಲ ತಂತಿಗಳಿಗೂ ಕಳುಹಿಸುತ್ತದೆ. ಆದರೆ ಪ್ರತಿಯೊಂದು ಪೊಟ್ಟಣದ ಮೇಲೆ ಕಳುಹಿಸಿದವರ ವಿಳಾಸವೂ ಇರುವುದರಿಂದ, ಯಾವ ತಂತಿಯಲ್ಲಿ ಯಾರಿದ್ದಾರೆಂದು ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬರುವ ವೇಳೆಗೆ ಅದಕ್ಕೆ ಇಬ್ಬರ ಮನೆಯೂ ತಿಳಿದಿರುತ್ತದೆ. ಯಾರೂ ಕಲಿಸದೆ ತಾನೇ ಕಲಿಯುವ ಈ ಪೆಟ್ಟಿಗೆಯನ್ನು ಕಂಡರೆ ನಮಗೆ ಸ್ವಲ್ಪ ಅಸೂಯೆಯೇ ಆಗುತ್ತದೆ.

2008ರ ಜನವರಿ 30ರಂದು ಈ ಏರ್ಪಾಟಿಗೆ ದೊಡ್ಡ ಪರೀಕ್ಷೆಯೊದಗಿತು. ಮುಂಬಯಿಯನ್ನು ಯುರೋಪಿನೊಡನೆ ಕೂಡಿಸುವ ಎರಡು ಸಮುದ್ರತಳದ ಕೇಬಲ್ಲುಗಳು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ತುಂಡಾದವು. ಹಳೆಯ ರೀತಿಯ ತಂತಿಯಾಗಿದ್ದರೆ ಅದರ ಮೇಲಿನ ಮಾತೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ನಮ್ಮ ದೇಶದ ಇಂಟರ್‌ನೆಟ್ಟು ಬಹಳ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಪಶ್ಚಿಮಕ್ಕೆ ಹೋಗಬೇಕಾದ ಎಷ್ಟೋ ಪೊಟ್ಟಣಗಳನ್ನು ಪೂರ್ವದ ಕೇಬಲ್ಲುಗಳಿಗೆ ತಿರುಗಿಸಲಾಯಿತು.

ಈ ಪದ್ಧತಿಯಲ್ಲಿ ಕೊರತೆಯೂ ಉಂಟು. ಯಾರಿಗೂ ದಾರಿಯನ್ನು ಕಾದಿರಿಸದ ಕಾರಣ, ದಟ್ಟಣೆಯಾದಾಗ ಪೊಟ್ಟಣಗಳು ಸಾಲಿನಲ್ಲಿ ಕಾಯಬೇಕು. ಸಾಲು ತುಂಬಿದರೆ ರೌಟರ್ ಅವನ್ನು ಎಸೆದುಬಿಡುತ್ತದೆ. ಮಾತಿನ ನಡುವೆ ಅಜ್ಜಿಯ ಮುಖ ಪರದೆಯಲ್ಲಿ ಬೊಂಬೆಯಂತೆ ನಿಂತುಬಿಡುವುದಕ್ಕೆ ಇದೂ ಒಂದು ಕಾರಣ. ಮಾತುಕತೆಯಲ್ಲಿ ತಡವಾಗಿ ಬಂದ ತುಂಡು ಕೆಲಸಕ್ಕೆ ಬಾರದು. ಆದುದರಿಂದ ಮೊಬೈಲು ಅನೇಕ ವೇಳೆ ಅದಕ್ಕಾಗಿ ಕಾಯದೆ ಮುಂದಿನದನ್ನು ತೋರಿಸುತ್ತದೆ. ಅಜ್ಜಿಯ ಮಾತಿನ ನಡುವಣ ಒಂದೆರಡು ಅಕ್ಷರಗಳು ನಮಗೆ ಕೇಳಿಸುವುದೇ ಇಲ್ಲ.