ಐದಕ್ಷರದ ಹಕ್ಕಿ: ಮರಕುಟಿಗನಿಗೊಂದು ಹೈಕು, ಒಂದು ಚಿತ್ರ

ಕಬಿನಿಯ ದಡದ ಕೊಳವಳ್ಳಿಯಲ್ಲಿ ನಿಂತರೆ ಎದುರು ದಡವೇ ಕರ್ನಾಟಕ. ಮರಕುಟಿಗನಿಗೆ ಹೊಳೆ ದಾಟಲು ದೋಣಿ ಬೇಡ, ಭಾಷೆಯ ತಕರಾರೂ ಇಲ್ಲ. ಮಲಯಾಳದಲ್ಲಿ ಅದು ಮರಂಕೊತ್ತಿ, ನಮಗೆ ಮರಕುಟಿಗ. ಎರಡು ಕಡೆಯೂ ಕಸುಬೇ ಹೆಸರು. ಈ ಹಕ್ಕಿಯ ಮೇಲೆ ನಗೆಹೈಕು ಬರೆಯುವುದು, ಚಿತ್ರ ಬಿಡಿಸುವುದು ಹೇಗೆಂದು ನೋಡೋಣ.

ಜಪಾನಿನ ಹೈಕುವಿಗೆ 5-7-5ರ ಲೆಕ್ಕ. ಕನ್ನಡದಲ್ಲಿ ನಾವು ಅಕ್ಷರ ಎಣಿಸುತ್ತೇವೆ, ಒತ್ತಕ್ಷರವೂ ಒಂದೇ. 'ಮರಕುಟಿಗ' ಎಂಬ ಹೆಸರಿಗೇ ಐದಕ್ಷರ, ಅಂದರೆ ಒಂದು ಸಾಲು ಪುಕ್ಕಟೆ! ಹೈಕು ಹುಟ್ಟಿದ್ದು 'ಹೈಕಾಯ್' ಎಂಬ ವಿನೋದದ ಕಾವ್ಯದಿಂದ, ಹಾಗಾಗಿ ನಗು ಅದಕ್ಕೆ ಹೊರಗಿನದಲ್ಲ. ದಿನಕರ ದೇಸಾಯಿಯವರ ಚುಟುಕ, ಡುಂಡಿರಾಜರ ಹನಿಗವನ ಓದಿದ ನಮಗೆ ಪ್ರಾಸದ ಚಪಲ ಇದ್ದೇ ಇರುತ್ತದೆ. ಇಲ್ಲಿ ಅದನ್ನು ಬಿಡಬೇಕು. ಕಂಡದ್ದನ್ನು ಹೇಳಿ ಸುಮ್ಮನಾಗಬೇಕು.

ಯಾರೋ ಬಂದರು
ಕದ ತೆರೆದಳಜ್ಜಿ
ಮರಕುಟಿಗ!

ನಗು ಬರಬೇಕಾದರೆ ಹಕ್ಕಿಯನ್ನು ಸರಿಯಾಗಿ ನೋಡಿರಬೇಕು. ಅದು ಬಡಿಯುವುದೆಲ್ಲ ಊಟಕ್ಕಲ್ಲ. ಬಿಡಿಬಿಡಿಯಾಗಿ ಕುಟುಕಿದರೆ ಹುಳಕ್ಕೆ. ತಮಟೆಯಂತೆ ಒಂದೇ ಉಸಿರಿಗೆ ಬಡಿದರೆ ಜೊತೆಗಾತಿಗೆ, ಇಲ್ಲವೇ 'ಇದು ನನ್ನ ಜಾಗ' ಎಂಬ ಡಂಗುರಕ್ಕೆ. ತಲೆನೋವು ಬರುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ತಲೆಬುರುಡೆ ಮೆತ್ತೆಯ ಹಾಗೆ ಪೆಟ್ಟು ಹೀರುತ್ತದೆ ಎಂದೇ ಬಹುಕಾಲ ನಂಬಲಾಗಿತ್ತು. 2022ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ನಿಧಾನಗತಿಯ ವಿಡಿಯೊ ನೋಡಿ, ಅದು ಗಟ್ಟಿ ಸುತ್ತಿಗೆಯಂತೆಯೇ ಕೆಲಸ ಮಾಡುತ್ತದೆ ಎಂದರು. ಮಿದುಳು ಚಿಕ್ಕದಾದ್ದರಿಂದ ಅಪಾಯವಿಲ್ಲವಂತೆ. (ಇದರ ಮೇಲೆ ಹೈಕು ಬರೆಯುವವರು ಮನೆಯವರ ಹೆಸರು ಸೇರಿಸದಿರುವುದು ಒಳ್ಳೆಯದು.)

ಬಾಲವೇ ಕುರ್ಚಿ
ಹಗಲೆಲ್ಲಾ ಆಫೀಸು
ಸಂಬಳ ಹುಳ

ಬಾಲ ಕುರ್ಚಿ ಎಂದದ್ದು ಬರೀ ತಮಾಷೆಯಲ್ಲ. ಬಿರುಸಾದ ಬಾಲದ ಗರಿಗಳನ್ನು ಕಾಂಡಕ್ಕೆ ಊರಿಯೇ ಅದು ನಿಲ್ಲುವುದು. ಚಿತ್ರ ಬಿಡಿಸುವವರು ತಪ್ಪುವುದೂ ಇಲ್ಲೇ: ಹಕ್ಕಿಯನ್ನು ಗಿಣಿಯಂತೆ ಕೊಂಬೆಯ ಮೇಲೆ ಕೂರಿಸಿಬಿಡುತ್ತಾರೆ. ಬಾಲ ಕಾಂಡಕ್ಕೆ ತಾಗಲಿ. ಬೆರಳು ಸಾಮಾನ್ಯವಾಗಿ ನಾಲ್ಕು, ಎರಡು ಮುಂದೆ, ಎರಡು ಹಿಂದೆ. ತೋಟಗಳಲ್ಲಿ ಕಾಣುವ ಹೊಂಬೆನ್ನಿನ ಮರಕುಟಿಗದಲ್ಲಿ ಗಂಡಿಗೆ ನೆತ್ತಿಯಿಡೀ ಕೆಂಪು. ಹೆಣ್ಣಿಗೆ ಹಿಂದಿನ ಜುಟ್ಟು ಮಾತ್ರ ಕೆಂಪು, ಹಣೆಯಲ್ಲಿ ಕಪ್ಪಿನ ಮೇಲೆ ಬಿಳಿ ಚುಕ್ಕಿ.

ನಮ್ಮ ಮೆಚ್ಚಿನ ವಿದೂಷಕ ಕಂದು ಮರಕುಟಿಗ. ಮರದ ಮೇಲೆ ಕಪ್ಪಿರುವೆಗಳು ಕಟ್ಟಿದ ಗೂಡನ್ನೇ ಕೊರೆದು ಅದರೊಳಗೆ ಮೊಟ್ಟೆಯಿಡುತ್ತದೆ. ಇರುವೆಗಳನ್ನು ತಿನ್ನುವುದೂ ಅದೇ. ಮನೆ ಮಾಲೀಕರನ್ನೇ ತಿನ್ನುವ ಬಾಡಿಗೆದಾರ! ಇದರ ಹೈಕು ನಮಗಿನ್ನೂ ಒಲಿದಿಲ್ಲ.

ಉಳಿದ ಮರಕುಟಿಗಗಳು ಹೆಚ್ಚಾಗಿ ಒಣಗಿದ, ಲಡ್ಡಾದ ಮರದಲ್ಲಿ ಪೊಟರೆ ಕೊರೆಯುತ್ತವೆ. ಅವು ಬಿಟ್ಟುಹೋದ ಪೊಟರೆಗೆ ಗಿಣಿ, ಮೈನಾ, ಮಡಿವಾಳ ಹಕ್ಕಿ ಬಂದು ಸೇರುತ್ತವೆ. ತೋಟ ಚೊಕ್ಕಟ ಮಾಡುವಾಗ ಮೊದಲು ಉರುಳುವುದು ಇದೇ ಮರ. ದಾರಿಗೂ ಮನೆಗೂ ದೂರ ಇರುವ ಒಣಮರವನ್ನಾದರೂ ಉಳಿಸಿದರೆ ನಮ್ಮ ಹೈಕುಗಳಿಗೂ ನಾಯಕ ಉಳಿದಾನು.

ಒಣಮರಕ್ಕೆ
ಕೊಡಲಿಗಿಂತ ಮುಂಚೆ
ಬಾಡಿಗೆದಾರ

ನೀವು ಬರೆದದ್ದನ್ನೂ ಬಿಡಿಸಿದ್ದನ್ನೂ ಮುಂದೆ ಸೇರುವಾಗ ತನ್ನಿ. ಪದ್ಯದಲ್ಲಿ ಅಕ್ಷರ, ಚಿತ್ರದಲ್ಲಿ ಬೆರಳು, ಎರಡನ್ನೂ ಎಣಿಸುತ್ತೇವೆ.